ಹೋರಿ ಟ್ರಂಕಿನಲ್ಲಿ ನನ್ನ ಬಳೆ

ಹೋರಿ ಹುಟ್ಟುತ್ತಲೇ ಬೆದರುವುದಿಲ್ಲ, ಬೆದರುವುದನ್ನು ಅದಕ್ಕೆ ಕಲಿಸಬೇಕು. ಇದು ನನ್ನ ಮಾವನವರ ಮಾತು. ಹಿಟ್ಟು ನಾದಬೇಕು, ಗದ್ದೆಗೆ ನೀರು ಕಟ್ಟಬೇಕು ಅನ್ನುವಷ್ಟೇ ಸಲೀಸಾಗಿ ಇದನ್ನೂ ಹೇಳುತ್ತಿದ್ದರು. ನಾನು ಆ ಮನೆಗೆ ಸೊಸೆಯಾಗಿ ಹೋದದ್ದು ನಮ್ಮ ಕಡೆ ಮುಂಬೈ ಸರಕಾರ ಹೋಗಿ ಮೈಸೂರು ಸರಕಾರ ಬಂದ ವರ್ಷ. ಊರು ಶಿರಸಿಯಿಂದ ಮೂಡಲಿಗೆ, ಬನವಾಸಿಯ ಹತ್ತಿರ. ಕಾಡು ಮುಗಿದು ಭತ್ತದ ಬಯಲು ಶುರುವಾಗುವ ಜಾಗ. ನನ್ನ ತವರು ಸಿದ್ದಾಪುರ ತಾಲೂಕಿನ ಕಾನಸೂರು. ಅಪ್ಪನದು ಅಲ್ಲಿ ಸಣ್ಣದೊಂದು ಕಿರಾಣಿ ಅಂಗಡಿ. ನಮಗೆ ದನ ಅಂದರೆ ಹಾಲು, ಗೊಬ್ಬರ, ಗಾಡಿ, ಇಷ್ಟೇ. ದನ ಓಡಿಸಿ ಮನೆತನಕ್ಕೆ ಹೆಸರು ತರುತ್ತಾರೆ ಅನ್ನುವುದು ನನಗೆ ಗೊತ್ತಾದದ್ದು ಮದುವೆಯಾದ ಮೇಲೆ.

ದೀಪಾವಳಿಯ ಪಾಡ್ಯ ಕಳೆದ ಮೇಲೆ ಆ ಕಡೆ ಊರೂರಲ್ಲಿ ಹೋರಿ ಬೆದರಿಸುತ್ತಾರೆ. ಕೊರಳಿಗೆ ಒಣಕೊಬ್ಬರಿಯ ಸರ ಕಟ್ಟಿ, ಕೊಂಬಿನ ತುದಿಗೆ ಹಿತ್ತಾಳೆಯ ಅಣಸು ಹಾಕಿ, ಕಾಲಿಗೆ ಗೆಜ್ಜೆ ಬಿಗಿದು ಊರ ಅಗಸೆ ಬಾಗಿಲಿನಿಂದ ಓಣಿಗೆ ಬಿಡುತ್ತಾರೆ. ಓಣಿಯ ಎರಡೂ ಬದಿಗೆ ಗಂಡಸರು ಕಿಕ್ಕಿರಿದಿರುತ್ತಾರೆ. ಹೋರಿಯ ಮೈಮೇಲೆ ಬಿದ್ದು ಸರ ಹರಿದುಕೊಂಡವನಿಗೆ ಕೊಬ್ಬರಿ. ಯಾರ ಕೈಗೂ ಸಿಗದೆ ಬಯಲಿಗೆ ಬಿದ್ದ ಹೋರಿಗೆ ಬಹುಮಾನ. ಗೆದ್ದ ಹೋರಿಯ ಮನೆಯವರು ವರ್ಷವಿಡೀ ತಲೆಯೆತ್ತಿ ಓಡಾಡುತ್ತಾರೆ. ಜನಕ್ಕೆ ಹೆದರದ ಹೋರಿ ಓಡುವುದಿಲ್ಲ. ಅದರ ಗುಟ್ಟೆಲ್ಲ ಇಷ್ಟೇ.

ಮಾವನವರ ಹಿಂದಿನ ಹೋರಿ ಹಾನಗಲ್ ಕಡೆಯವರೂ ಬಂದು ನೋಡಿಹೋಗುವಂಥದ್ದಾಗಿತ್ತಂತೆ. ನಾನು ಹೋಗುವ ಮೊದಲೇ ಅದು ದೊಡ್ಡ ರೋಗಕ್ಕೆ ತೀರಿಕೊಂಡಿತ್ತು. ಅದರ ಗೆಜ್ಜೆ, ಗೊಂಡೆ, ಅಣಸು, ಬೆನ್ನಿಗೆ ಹೊದಿಸುವ ಜೂಲ ಎಲ್ಲವನ್ನೂ ಒಂದು ತಗಡಿನ ಟ್ರಂಕಿನಲ್ಲಿಟ್ಟು ದೇವರ ಕೋಣೆಯಲ್ಲಿ ಇರಿಸಿದ್ದರು. ಹಬ್ಬ ಬಂದರೆ ಮಾವ ಓಣಿಗೆ ಹೋಗುತ್ತಿರಲಿಲ್ಲ. ಟ್ರಂಕು ತೆಗೆದು ಅಣಸುಗಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕಿ, ಒಣಗಿಸಿ, ಮತ್ತೆ ಒಳಗಿಡುತ್ತಿದ್ದರು. ಮನುಷ್ಯ ಕೆಟ್ಟವರಲ್ಲ. ನನ್ನನ್ನು ಒಂದು ದಿನವೂ ಏರುದನಿಯಲ್ಲಿ ಕರೆದವರಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಲು ಮನಸ್ಸು ಬರುವುದಿಲ್ಲ.

ಮದುವೆಯಾಗಿ ಎರಡು ವರ್ಷಕ್ಕೆ ಮನೆಯ ಕೆಂದು ಹಸು ಗಂಡುಕರು ಹಾಕಿ ಎಂಟನೆಯ ದಿನ ಸತ್ತಿತು. ಕರುವನ್ನು ಉಳಿಸುವ ಕೆಲಸ ನನಗೆ ಬಂತು, ಯಾಕೆಂದರೆ ಮದುವೆಯಾಗಿಯೂ ಕೂಸು ಹಡೆಯದ ಹೆಂಗಸು ಮನೆಯಲ್ಲಿ ನಾನೊಬ್ಬಳೇ. ಬೇರೆ ಹಸುವಿನ ಹಾಲಿನಲ್ಲಿ ಬೆರಳು ಅದ್ದಿ ಚೀಪಿಸಿದೆ. ಆಮೇಲೆ ಬಿದಿರ ಗೊಟ್ಟದಲ್ಲಿ ಕುಡಿಸಿದೆ. ತಿಂಗಳಾಗುವಷ್ಟರಲ್ಲಿ ನಾನು ಹೋದಲ್ಲೆಲ್ಲ ಬರತೊಡಗಿತು. ಬಾವಿಗೆ ಹೋದರೆ ಬಾವಿಗೆ, ಹಿತ್ತಲಿಗೆ ಹೋದರೆ ಹಿತ್ತಲಿಗೆ. ಅಡಿಗೆ ಮನೆಯ ಹೊಸ್ತಿಲ ಮೇಲೆ ಮುಂಗಾಲಿಟ್ಟು, ಬುಟ್ಟಿಯಲ್ಲಿದ್ದ ರೊಟ್ಟಿಯನ್ನು ಒಂದೊಂದಾಗಿ ಎಳೆದು ತಿನ್ನುತ್ತಿತ್ತು. ನಾದಿನಿಗೆ ಬಾಯಿ ಜೋರು. "ಕೂಸು ಹಡಿ ಅಂದ್ರ ಕರಾ ಹಡದಾಳ ನಮ್ಮ ವೈನಿ," ಎಂದು ಓಣಿಗೆಲ್ಲ ಸಾರಿದಳು. ನನಗೆ ಸಿಟ್ಟು ಬರಲಿಲ್ಲ. ಆ ವರ್ಷಗಳಲ್ಲಿ ನನ್ನ ಮಗ್ಗುಲಿಗೆ ಬಂದು ಸುಮ್ಮನೆ ನಿಲ್ಲುತ್ತಿದ್ದ ಜೀವ ಅದೊಂದೇ. ಅದನ್ನು ನಾನು ಪ್ರೀತಿಸಿದೆ, ಮುಚ್ಚುಮರೆ ಯಾಕೆ.

ನನ್ನನ್ನು ಅದು ಗುರುತಿಸುತ್ತಿದ್ದದ್ದು ಬಳೆಯಿಂದ. ತವರಿನವರು ಮದುವೆಯಲ್ಲಿ ಎರಡು ಜೊತೆ ಬೆಳ್ಳಿ ಬಳೆ ಹಾಕಿದ್ದರು. ಹಸಿರು ಗಾಜಿನ ಬಳೆಗಳ ಹಿಂದೊಂದು ಮುಂದೊಂದು ಬೆಳ್ಳಿ ಬಳೆ. ಕೈಯಾಡಿಸಿದರೆ ಉಳಿದ ಹೆಂಗಸರ ಬಳೆಗಿಂತ ಬೇರೆಯದೇ ಸಪ್ಪಳ. ಗೆಜ್ಜೆ ಕಟ್ಟಿದ ಎತ್ತು ಬಂತು ಎಂದು ಅದಕ್ಕೂ ನಾದಿನಿಯ ನಗೆ. ಕರು ಕೊಟ್ಟಿಗೆಯ ಯಾವ ಮೂಲೆಯಲ್ಲಿದ್ದರೂ ಆ ಸಪ್ಪಳಕ್ಕೆ ಕಿವಿ ಎತ್ತುತ್ತಿತ್ತು.

ಎರಡು ವರ್ಷ ತುಂಬುವ ಹೊತ್ತಿಗೆ ಎದೆ ಅಗಲವಾಗಿ, ಹೆಗಲ ಮೇಲೆ ಇಣಿ ಎದ್ದು, ಕಾಲು ಉದ್ದವಾಗಿ ನೋಡಿದವರು ನಿಂತು ನೋಡುವಂತಾಯಿತು. ಮಾವನವರು ದಿನಾ ಸಂಜೆ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದರು. ಅವರು ಏನು ನೋಡುತ್ತಿದ್ದಾರೆಂದು ತಿಳಿಯದಷ್ಟು ದಡ್ಡಿ ನಾನಲ್ಲ. ಒಂದು ದಿನ ಹಾನಗಲ್ ಕಡೆಯಿಂದ ಹೋರಿ ತಿದ್ದುವವನನ್ನು ಕರೆಸಿದರು. ತಿದ್ದುವುದು ಅಂದರೆ ಈ ಕೆಲಸಕ್ಕೆ ಅವರಿಟ್ಟ ಹೆಸರು. ಮಕ್ಕಳ ಅಕ್ಷರಕ್ಕೂ ಅದೇ ಮಾತು, ಹೋರಿಯ ಬೆನ್ನಿಗೂ ಅದೇ ಮಾತು.

ಅವನು ಮಾಡಿಸಿದ್ದನ್ನು ಒಂದೇ ಉಸಿರಿಗೆ ಹೇಳಿ ಮುಗಿಸುತ್ತೇನೆ. ಕೊಟ್ಟಿಗೆಯ ಒಂದು ಮೂಲೆಗೆ ಗೋಣಿತಟ್ಟಿನ ಮರೆ ಕಟ್ಟಿ ಬೆಳಕು ಬಾರದಂತೆ ಮಾಡಿ ಒಂಟಿಯಾಗಿ ಕಟ್ಟಿದರು. ಮಲಗಿದ್ದಾಗ ಡಬ್ಬಿ ಬಾರಿಸಿ ಎಬ್ಬಿಸಿದರು. ವಾರಕ್ಕೆರಡು ಸಲ ಹೊರಗೆ ತಂದು ನಾಲ್ಕು ಜನ ಸುತ್ತ ನಿಂತು ಕೂಗಿ, ಮೈಮೇಲೆ ಗೋಣಿಚೀಲ ಎಸೆದು, ಬಾರುಕೋಲಿನಿಂದ ಹೊಡೆದರು. ಕೋಲಿನ ತುದಿಗೆ ಸಣ್ಣ ಮೊಳೆ ಇತ್ತು. ಬಾಲ ಮುರಿಯುವಂತೆ ತಿರುಚಿದರು. ಬಾಲವನ್ನು ಹಲ್ಲಿನಲ್ಲಿ ಕಚ್ಚುವುದೂ ಉಂಟು, ಕಚ್ಚಿದರು. ಇನ್ನೂ ಹಾಲುಹಲ್ಲು ಉದುರದ ಕರು ಅದು. ಹೊಡೆದವರಲ್ಲಿ ನನ್ನ ಗಂಡನೂ ಇದ್ದರು. ರಾತ್ರಿ ಊಟಕ್ಕೆ ಕೂತಾಗ ನಾನು ಅವರಿಗೆ ಬಡಿಸಿದೆ, ಅವರು ಉಂಡರು. ನಾವಿಬ್ಬರೂ ಮಳೆಯ ಮಾತಾಡಿದೆವು.

ಆದರೆ ಹೋರಿ ಕಲಿಯಲಿಲ್ಲ. ಕಲಿಯಲಿಲ್ಲ ಅನ್ನುವುದಕ್ಕಿಂತ, ತಪ್ಪು ಪಾಠ ಕಲಿಯಿತು. ಹೆದರಿದಾಗಲೆಲ್ಲ ಹಗ್ಗ ಬಿಡಿಸಿಕೊಂಡು ನನ್ನ ಹತ್ತಿರ ಬರುತ್ತಿತ್ತು. ಆಷಾಢ ಮುಗಿಯುವಾಗ ಒಂದು ದಿನ ಓಣಿಯಲ್ಲಿ ಬಿಟ್ಟು ನೋಡೋಣವೆಂದು ಬಿಟ್ಟರು. ಹುಡುಗರು ಎರಡೂ ಬದಿಗೆ ನಿಂತು ಕೂಗಿದರು. ಹೋರಿ ಬಾಣದ ಹಾಗೆ ಓಡಿತು. ಮಾವನವರ ಮುಖ ಅರಳಿತು. ಅದು ನೇರವಾಗಿ ನಮ್ಮ ಮನೆಯ ಮುಂದೆ ನೀರು ಚೆಲ್ಲುತ್ತಿದ್ದ ನನ್ನ ಬಳಿ ಬಂದು ಕಂಕುಳಲ್ಲಿ ಮುಖ ತೂರಿಸಿ ನಿಂತಿತು. ಇಡೀ ಓಣಿ ನಕ್ಕಿತು. ಸೊಸೆಯ ಸೆರಗು ಹಿಡಿಯುವ ಹೋರಿ ಎಂಬ ಹೆಸರು ಬಿತ್ತು. ಆ ಹೆಸರು ಬನವಾಸಿಯ ಸಂತೆಗೂ ಹೋಯಿತು.

ತಿದ್ದುವವನು ಜಗುಲಿಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತ ಮಾವನವರಿಗೆ ಹೇಳಿದ್ದನ್ನು ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ.

"ಯಜಮಾನ್ರ, ಊರ ಮಂದಿಗೆಲ್ಲಾ ಹೆದರತೈತಿ. ಒಬ್ಬಾಕಿಗೆ ಬಿಟ್ಟು. ತೂತ ಬಿದ್ದ ಕೊಡಕ್ಕ ಎಷ್ಟ ನೀರ ಹೊಯ್ದ್ರ ಏನ ಬಂತು? ಮೊದ್ಲ ಆ ತೂತ ಮುಚ್ರಿ."

"ಹೆಂಗ ಮುಚ್ಚೂದು?"

"ಆಕಿನ ತನ್ನ ಕೈಲೆ ಅದನ್ನ ಹೊಡೀಬೇಕು. ಬ್ಯಾರೆ ದಾರಿ ಇಲ್ಲ."

ಮಾರನೆಯ ದಿನ ಮಾವನವರು ನನ್ನನ್ನು ಕರೆದರು. ಕೂತುಕೋ ಎಂದರು. ಅವರ ಮುಂದೆ ಸೊಸೆ ಕೂರುವ ಪದ್ಧತಿ ಇರಲಿಲ್ಲ, ನಾನು ಕಂಬ ಹಿಡಿದು ನಿಂತೆ.

"ನೋಡು ಯವ್ವಾ, ನಾ ಜುಲುಮಿ ಮಾಡಂಗಿಲ್ಲ," ಎಂದರು. "ಈ ಹಬ್ಬಕ್ಕ ಅದು ಓಡಲಿಲ್ಲಂದ್ರ ಬೀಜ ಒಡಸಿ ಯಲ್ಲಾಪುರದ ನಾಟಾ ಗಾಡಿಯವ್ರಿಗೆ ಕೊಟ್ಟಬಿಡ್ತೇನಿ. ಓಡಿತಂದ್ರ, ಸಾಯೂ ತನಕ ನಮ್ಮ ಗೋದಲ್ಯಾಗ ಇರತೈತಿ. ಇದು ನನ್ನ ಮಾತು. ನೀನ ಯೋಚನಿ ಮಾಡು."

ಯೋಚನೆ ಮಾಡಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಯಲ್ಲಾಪುರದ ನಾಟಾ ಎತ್ತುಗಳನ್ನು ನಾನು ಕಂಡಿದ್ದೆ. ನನ್ನ ಅಕ್ಕನನ್ನು ಯಲ್ಲಾಪುರಕ್ಕೆ ಕೊಟ್ಟಿತ್ತು. ಅವಳ ಬಾಣಂತನಕ್ಕೆ ಹೋದಾಗ ಮಾಗೋಡಿನ ಕಡೆಯ ಕಾಡಿನಿಂದ ದಿಮ್ಮಿ ಹೇರಿದ ಗಾಡಿಗಳು ಮನೆಯ ಮುಂದೆಯೇ ಹಾದುಹೋಗುತ್ತಿದ್ದವು. ಎತ್ತುಗಳ ಕುತ್ತಿಗೆ ನೊಗದ ಅಗಲಕ್ಕೆ ಹಸಿಯಾಗಿರುತ್ತಿತ್ತು, ಅದಕ್ಕೆ ಡಾಂಬರು ಬಳಿದಿರುತ್ತಿದ್ದರು. ಒಂದು ಎತ್ತು ಏರಿನಲ್ಲಿ ಮುಗ್ಗರಿಸಿ ಬಿದ್ದದ್ದನ್ನು ಕಂಡೆ. ಕೊರಳ ಹಗ್ಗ ಬಿಚ್ಚಿ, ಪಕ್ಕಕ್ಕೆ ಎಳೆದುಹಾಕಿ, ಹಿಂದಿನ ಗಾಡಿಯ ಎತ್ತು ತಂದು ಕಟ್ಟಿ ಗಾಡಿ ಮುಂದೆ ಹೋಯಿತು. ಬಿದ್ದದ್ದು ಸಂಜೆಯವರೆಗೆ ತಲೆ ಎತ್ತುತ್ತ ಇತ್ತು. ಆ ಎತ್ತುಗಳು ಎರಡು ಮಳೆಗಾಲ ಬಾಳಿದರೆ ಹೆಚ್ಚು ಎಂದು ಭಾವ ಹೇಳಿದ್ದರು.

"ಹೊಡೀತೇನಿ," ಎಂದೆ.

ತಿದ್ದುವವನು ನನಗೆ ಕಲಿಸಿಕೊಟ್ಟ. ಹುಣಸೆಯ ಬರಲು, ಬೆರಳಿನಷ್ಟು ದಪ್ಪ. ಹೊಡೆಯಬೇಕಾದದ್ದು ಇಣಿಯ ಹಿಂದೆ, ದಿನವೂ ಅದೇ ಜಾಗಕ್ಕೆ. ಐದು ಪೆಟ್ಟು, ಹೆಚ್ಚಿಲ್ಲ, ಕಡಿಮೆಯಿಲ್ಲ. "ಬಾಯಿ ಮಾಡಬ್ಯಾಡ್ರಿ ಅಕ್ಕಾರ," ಎಂದ. "ಬೈದ್ರ ಸಿಟ್ಟು ಬಂದೈತಿ ಅಂತ ತಿಳಕೊಂತೈತಿ. ಸಿಟ್ಟು ಇಳೀತೈತಿ ಅಂತ ದನಕ್ಕೂ ಗೊತ್ತು. ಸುಮ್ನ ಹೋಗ್ರಿ, ಹೊಡೀರಿ, ಸುಮ್ನ ಬರ್ರಿ." ತುಂಬ ತಿಳಿದವನ ಮಾತು ಅದು. ನಾನು ಅದನ್ನು ಎಷ್ಟೋ ವರ್ಷ ಯೋಚಿಸಿದ್ದೇನೆ.

ಆಗ ನಾನೊಂದು ಜಾಣತನ ಮಾಡಿದೆ. ಹೊಡೆಯುವವಳು ನಾನೆಂದು ಅದಕ್ಕೆ ಗೊತ್ತಾಗಬಾರದು ಎಂದುಕೊಂಡೆ. ಸೀಗೆಪುಡಿಯ ನೊರೆ ಹಚ್ಚಿ ಕೈಯ ಬಳೆಗಳನ್ನೆಲ್ಲ, ಗಾಜಿನದು ಬೆಳ್ಳಿಯದು ಎಲ್ಲವನ್ನೂ, ಒಂದೊಂದಾಗಿ ಇಳಿಸಿದೆ. ಮಾವನವರ ಹಳೆಯ ಕಂಬಳಿ ತಲೆಯ ಮೇಲಿಂದ ಹೊದ್ದೆ. ಬೆಳಗ್ಗೆ ಹೀಗೆ ಹೋಗಿ ಹೊಡೆದು ಬರುವುದು, ಸಂಜೆ ಬಳೆ ತೊಟ್ಟು ಉಪ್ಪುನೀರು ಕುಡಿಸಲು ಹೋಗುವುದು. ಹೊಡೆಯುವ ಹೆಂಗಸು ಬೇರೆ, ಸಾಕಿದ ಹೆಂಗಸು ಬೇರೆ. ಹೋರಿ ಹೆಂಗಸಿಗೂ ಹೆದರುತ್ತದೆ, ನನ್ನನ್ನೂ ಮರೆಯುವುದಿಲ್ಲ. ಮಾವನವರನ್ನೂ ಗೆಲ್ಲಿಸಿ ನಾನೂ ಗೆಲ್ಲುವ ಲೆಕ್ಕ.

ಮೊದಲ ದಿನ ಗೋಣಿತಟ್ಟು ಸರಿಸಿ ಒಳಗೆ ಹೋದಾಗ ಅದು ಬರಲನ್ನು ಮೂಸಿ ನೆಕ್ಕಿತು. ನಾನು ಹೊಡೆದೆ. ಪೆಟ್ಟು ಬೆನ್ನಿಗೆ ಬಿದ್ದದ್ದರಿಂದ, ಹಿಂದೆ ಯಾರೋ ಇದ್ದಾರೆಂದು ಅದು ತಿರುಗಿ ನೋಡಿತು. ಹಿಂದೆ ಯಾರೂ ಇರಲಿಲ್ಲ. ಆಸರೆಗೆಂದು ನನ್ನ ಕಡೆಗೇ ಸರಿಯಿತು. ಎರಡನೆಯದು ಹೊಡೆದೆ. ಇನ್ನೂ ಹತ್ತಿರ ಸರಿಯಿತು. ಮೂರು, ನಾಲ್ಕು, ಐದು. ಹೊರಗೆ ಬಂದು ಕಂಬಳಿ ಮಡಚಿಟ್ಟು ರೊಟ್ಟಿ ತಟ್ಟಿದೆ. ಅಳು ಬರಲಿಲ್ಲ. ನನಗೆ ಈರುಳ್ಳಿ ಹೆಚ್ಚಿದರೂ ಕಣ್ಣೀರು ಬರುವುದು ಕಡಿಮೆ. ಆದರೆ ಆ ದಿನದಿಂದ ನನ್ನೊಳಗೆ ಏನೋ ಸುಮ್ಮನಾಯಿತು. ಬೆರಳು ಬಹಳ ಹೊತ್ತು ತಣ್ಣೀರಲ್ಲಿದ್ದರೆ ಜೋಮು ಹಿಡಿಯುತ್ತದಲ್ಲ, ಹಾಗೆ.

ವಾರ ಕಳೆಯುವಷ್ಟರಲ್ಲಿ ಅತ್ತೆಯ ಕಣ್ಣಿಗೆ ನನ್ನ ಬರಿ ಕೈ ಬಿತ್ತು. ನಾನು ಕೊಟ್ಟಿಗೆಯಿಂದ ಬರುತ್ತಿದ್ದೆ, ಅತ್ತೆ ಹಿತ್ತಲ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿದ್ದ ತಂಬಿಗೆ ಬಿಟ್ಟರು.

"ಗಂಡ ಗಟ್ಟಿಮುಟ್ಟಿದ್ದಾಗ ಬರೇ ಕೈಲೆ ತಿರಗತೀ? ನನ್ನ ಮಗನ್ನ ಏನ ಮಾಡಬೇಕಂತ ಮಾಡೀ?"

ಅವರು ಅತ್ತರು. ನೆರೆಯ ಹೆಂಗಸರು ಬಂದರು. ನನ್ನನ್ನು ದೇವರ ಮುಂದೆ ನಿಲ್ಲಿಸಿ ತಪ್ಪುಗಾಣಿಕೆ ಇಡಿಸಿದರು. ಅಂದೇ ಬಳೆಗಾರ್ತಿಯನ್ನು ಕರೆಸಿ ಎರಡೂ ಕೈಗೆ ಡಜನ್ನುಗಟ್ಟಲೆ ಹಸಿರು ಬಳೆ, ಹಿಂದೆಮುಂದೆ ನನ್ನ ಬೆಳ್ಳಿ ಬಳೆ ತೊಡಿಸಿದರು. ಒಂದು ಕೈಗೆ ತೊಡಿಸುವಾಗ ಇನ್ನೊಂದು ಕೈಯಲ್ಲಿ, ಅಷ್ಟು ಹೊತ್ತೂ, ಹುಣಸೆ ಬರಲು ಇತ್ತು. ಅದರ ತುದಿಗೆ ಕೆಂಪು ಕೂದಲು ಅಂಟಿತ್ತು. ಅದನ್ನು ಯಾರೂ ನೋಡಲಿಲ್ಲ. ನನ್ನ ಮೇಲೆ ನನಗೆ ಬರದ ಸಿಟ್ಟು ಆ ಹೆಂಗಸರ ಮೇಲೆ ಬಂತು.

ಆಮೇಲೆ ನಾನು ಕಾರಣ ಹೇಳಿದಾಗ ಅತ್ತೆಯೇ ಉಪಾಯ ಹೇಳಿದರು. ಹಳೆಯ ಸೀರೆಯ ಪಟ್ಟಿ ಹರಿದು ಬಳೆಗಳ ಮೇಲೆ ಬಿಗಿಯಾಗಿ ಸುತ್ತಿದರೆ ಸಪ್ಪಳವಾಗುವುದಿಲ್ಲ, ಕೈಯೂ ಬರಿದಾಗುವುದಿಲ್ಲ. ದಿನಾ ಬೆಳಗ್ಗೆ ಅವರೇ ನನ್ನ ಕೈಗೆ ಪಟ್ಟಿ ಸುತ್ತಿ ಗಂಟು ಹಾಕತೊಡಗಿದರು, ಅದೂ ಮನೆಗೆಲಸದಲ್ಲಿ ಒಂದು ಎಂಬಂತೆ.

ಶ್ರಾವಣ, ಭಾದ್ರಪದ, ಆಶ್ವೀಜ. ದಿನಕ್ಕೆ ಐದು ಪೆಟ್ಟು. ಒಂಬತ್ತನೆಯ ದಿನಕ್ಕೋ ಹತ್ತನೆಯ ದಿನಕ್ಕೋ ಅದು ನನ್ನ ಕಡೆಗೆ ಸರಿಯುವುದನ್ನು ಬಿಟ್ಟಿತು. ಮುಂದೆ ಕಂಬಳಿ ಕಂಡೊಡನೆ ಗೋಡೆಗೆ ಒತ್ತಿಕೊಂಡು ನಿಲ್ಲತೊಡಗಿತು. ಸಂಜೆ ಪಟ್ಟಿ ಬಿಚ್ಚಿ ಬಳೆ ಆಡಿಸುತ್ತ ಬಕೆಟ್ಟು ತೆಗೆದುಕೊಂಡು ಹೋದರೆ ಮೊದಲಿನಂತೆಯೇ ಮುಂದೆ ಬಂದು ನೀರು ಕುಡಿಯುತ್ತಿತ್ತು. ಕುಡಿಯುವಾಗ ಕಿವಿ ಹಿಂದಕ್ಕೆ ಅಂಟಿರುತ್ತಿತ್ತು. ಬೆನ್ನ ಮೇಲೆ ಕೈಯಿಟ್ಟರೆ ಚರ್ಮ ಒಂದೇ ಸಮನೆ ಅದುರುತ್ತಿತ್ತು. ಮಳೆಗಾಲದ ನೊಣ ಎಂದುಕೊಂಡೆ. ಬೇವಿನ ಸೊಪ್ಪು ತಂದು ಮೈಗೆಲ್ಲ ಉಜ್ಜಿದೆ. ನೊಣ ಇರಲಿಲ್ಲ ಅನ್ನುವುದು ನನಗೆ ಆಗಲೂ ಕಂಡಿರಬೇಕು.

ಹಬ್ಬ ಬಂತು. ಮಾವನವರು ಟ್ರಂಕು ತೆಗೆದರು. ಹೋರಿಗೆ ಅಣಸು, ಗೊಂಡೆ, ಜೂಲ, ಗೆಜ್ಜೆ ಎಲ್ಲ ಬಂದವು. ಕೊರಳಿಗೆ ಎರಡು ಸುತ್ತು ಕೊಬ್ಬರಿ ಸರ. ನಾನು ಹೊಸ ಇಳಕಲ್ ಸೀರೆ ಉಟ್ಟು, ಕೈತುಂಬ ಬಳೆ ತೊಟ್ಟು ಹೆಂಗಸರ ಜೊತೆ ಅಗಸೆಯ ಪಕ್ಕದ ಮನೆಯ ಎತ್ತರದ ಜಗುಲಿಯಲ್ಲಿ ನಿಂತಿದ್ದೆ. ನಮ್ಮ ಮನೆಯವರು ಹೋರಿಯ ಮೂಗುದಾರದ ಹಗ್ಗ ಬಿಚ್ಚಿ ಬದಿಗೆ ಹಾರಿದರು.

ಹೋರಿ ನಾಲ್ಕು ಹೆಜ್ಜೆ ಇಟ್ಟು ನಿಂತುಬಿಟ್ಟಿತು.

ಜನ ಕೂಗಿದರು. ಅದು ಅಲುಗಲಿಲ್ಲ. ಅಷ್ಟು ತಿಂಗಳು ಹೊಡೆಸಿಕೊಂಡು ಅದಕ್ಕೆ ಓಡುವುದಕ್ಕಿಂತ ನಿಲ್ಲುವುದು ರೂಢಿಯಾಗಿತ್ತೋ ಏನೋ. ಕೊಟ್ಟಿಗೆಯ ಗೋಡೆಗೆ ನಿಲ್ಲುವಂತೆ ಓಣಿಯ ಗೋಡೆಗೆ ಒತ್ತಿಕೊಂಡಿತು. ಯಾರೋ, "ಸೆರಗ ಎಲ್ಲೈತಿ ನೋಡ್ರೋ," ಅಂದರು. ನಗೆ ಎದ್ದಿತು. ಒಬ್ಬನು ಅವಸರವೇ ಇಲ್ಲದೆ ನಡೆದುಬಂದು ಕೊಬ್ಬರಿ ಸರಕ್ಕೆ ಕೈ ಚಾಚಿದ. ಅಗಸೆಯ ಕಲ್ಲಿಗೆ ಆತುಕೊಂಡು ನಿಂತಿದ್ದ ಮಾವನವರು ತಲೆ ತಗ್ಗಿಸಿದ್ದರು. ನನಗೆ ಯಲ್ಲಾಪುರದ ಏರಿನಲ್ಲಿ ಬಿದ್ದು ತಲೆ ಎತ್ತುತ್ತಿದ್ದ ಎತ್ತು ಕಣ್ಣಿಗೆ ಬಂತು. ಕರೆದರೆ ಬರುತ್ತದೆ, ನನ್ನ ಹತ್ತಿರಕ್ಕಾದರೂ ಓಡಿಬರಲಿ, ಆ ಕೈಯಿಂದ ತಪ್ಪಿಸಿಕೊಳ್ಳಲಿ ಎಂದು ಬಲಗೈ ಎತ್ತಿ, ಸಂಜೆ ನೀರು ಕುಡಿಸುವಾಗ ಆಡಿಸುವಂತೆ ಬಳೆ ಆಡಿಸಿದೆ.

ಅದರ ಕಿವಿ ಎದ್ದಿತು. ತಿರುಗಿ ನನ್ನನ್ನು ನೋಡಿತು. ನೋಡಿ, ಓಡಿತು.

ನನ್ನ ಕಡೆಗಲ್ಲ. ನನ್ನಿಂದ ಆಚೆಗೆ. ಕೊಬ್ಬರಿಗೆ ಕೈ ಹಾಕಿದವನನ್ನು ಉರುಳಿಸಿ, ಓಣಿಯ ಜನರನ್ನು ಸೀಳಿಕೊಂಡು ಹೋಯಿತು. ಯಾರ ಬೆರಳೂ ಅದರ ಮೈಗೆ ತಾಗಲಿಲ್ಲ. ಅಂಥ ಓಟವನ್ನು ಊರು ಕಂಡಿರಲಿಲ್ಲ ಎಂದು ಆಮೇಲೆ ಎಲ್ಲರೂ ಹೇಳಿದರು. ಸುತ್ತಲಿನ ಹೆಂಗಸರು ನನ್ನ ಬೆನ್ನು ತಟ್ಟುತ್ತಿದ್ದರು. ನಾನು ಎತ್ತಿದ ಕೈ ಇಳಿಸುವುದನ್ನು ಮರೆತು ನಿಂತಿದ್ದೆ. ಅದಕ್ಕೆ ಮೊದಲಿನಿಂದಲೂ ಗೊತ್ತಿತ್ತು. ಕಂಬಳಿ ಗೊತ್ತಿತ್ತು, ಪಟ್ಟಿ ಸುತ್ತಿದ ಕೈ ಗೊತ್ತಿತ್ತು, ಆ ಕೈಯೇ ಸಂಜೆ ಬಳೆ ಆಡಿಸುತ್ತ ಬರುತ್ತದೆ ಎಂದೂ ಗೊತ್ತಿತ್ತು. ನೀರಡಿಕೆಗೆ ಬರುತ್ತಿತ್ತು, ಕಟ್ಟಿಹಾಕಿದ್ದಕ್ಕೆ ನಿಲ್ಲುತ್ತಿತ್ತು. ನಾನು ಹೊಡೆಯತೊಡಗಿದ ಮೇಲೆ, ಕೊರಳಿಗೆ ಹಗ್ಗವಿಲ್ಲದೆ ಅದು ನನ್ನ ಬಳೆ ಕೇಳಿದ್ದು ಅಂದೇ ಮೊದಲು.

ವರದಾ ನದಿಯ ದಂಡೆಯಲ್ಲಿ ಸಿಕ್ಕಿತಂತೆ. ಎರಡು ಎತ್ತುಗಳ ನಡುವೆ ಕಟ್ಟಿ ಮನೆಗೆ ತಂದರು. ಬಾಯಿಯಲ್ಲಿ ನೊರೆ, ಒಂದು ಗೊರಸು ಸೀಳಿ ರಕ್ತ. ಬಹುಮಾನಕ್ಕೆ ತಾಮ್ರದ ಹಂಡೆ ಬಂತು. ಅದರಲ್ಲಿ ನಾವು ಮುಂದೆ ಬಹಳ ವರ್ಷ ಸ್ನಾನದ ನೀರು ಕಾಯಿಸಿದೆವು. ಮನೆಯಲ್ಲಿ ಗಲಾಟೆಯೋ ಗಲಾಟೆ, ಬಂದವರಿಗೆಲ್ಲ ಹೋಳಿಗೆ. ಮಾವನವರು ಮಾತ್ರ ಅಡಿಗೆ ಮನೆಯ ಬಾಗಿಲಿಗೆ ಬಂದು ಮೆಲ್ಲಗೆ, "ಬಳಿ ಸಪ್ಪಳಕ್ಕ ತಲಿ ಎತ್ತಿದೆ, ನೀ ಕೈ ಎತ್ತಿದ್ದು ನಾ ನೋಡೀನಿ ಯವ್ವಾ," ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ಅವರಿಗೆ ಅದು ಸಂತೋಷವಾಗಿತ್ತು.

ಅವರು ಮಾತು ಉಳಿಸಿಕೊಂಡರು. ಹೋರಿ ಯಲ್ಲಾಪುರಕ್ಕೆ ಹೋಗಲಿಲ್ಲ. ಹೊಡೆಯುವುದೂ ನಿಂತಿತು, ಇನ್ನು ಬೇಕಾಗಿರಲಿಲ್ಲ. ದಿನಾ ಬೆಳ್ಳಿ ಬಳೆ ಕೇಳಿ ಕೇಳಿ ರೂಢಿಯಾದರೆ ಹಬ್ಬದ ದಿನ ಕೆಲಸಕ್ಕೆ ಬಾರದು ಎಂದು ಅತ್ತೆ ನನ್ನ ಎರಡು ಜೊತೆ ಬೆಳ್ಳಿ ಬಳೆ ಬಿಚ್ಚಿಸಿ ಹೋರಿಯ ಟ್ರಂಕಿನಲ್ಲಿಟ್ಟರು. ಗೆಜ್ಜೆ, ಗೊಂಡೆ, ಅಣಸು, ನನ್ನ ಬಳೆ. ವರ್ಷಕ್ಕೊಮ್ಮೆ ಎಲ್ಲವನ್ನೂ ಹುಣಸೆಹಣ್ಣು ಹಚ್ಚಿ ತಿಕ್ಕಿ, ಹೋರಿಗೆ ಅದರದ್ದು ತೊಡಿಸಿ, ನನಗೆ ನನ್ನದು ತೊಡಿಸಿ, ಅಗಸೆಯ ಹತ್ತಿರ ನಿಲ್ಲಿಸುತ್ತಿದ್ದರು. ಮಾವನವರು ಕಣ್ಣಲ್ಲಿ ಸನ್ನೆ ಮಾಡಿದಾಗ ನಾನು ಕೈ ಆಡಿಸುತ್ತಿದ್ದೆ. ಐದು ದೀಪಾವಳಿ ಹೀಗೆ ನಡೆಯಿತು. ಆಡಿಸಲಾರೆ ಎಂದು ಒಮ್ಮೆಯಾದರೂ ಹೇಳಿದೆಯಾ ಎಂದು ಈಗ ಮಗಳು ಕೇಳುತ್ತಾಳೆ. ಇಲ್ಲ. ಆಡಿಸಿದೆ. ಓಡಿದರೆ ಉಳಿಯುತ್ತದೆ ಎಂಬ ಕರಾರು ನನ್ನದೇ ಆಗಿತ್ತು.

ಆ ಮಗಳು ಹುಟ್ಟಿದ್ದು ಆ ವರ್ಷಗಳ ನಡುವೆ. ಅಂಬೆಗಾಲಿಡುವಾಗ ಒಂದು ಮಧ್ಯಾಹ್ನ ಕೊಟ್ಟಿಗೆಗೆ ಹೋಗಿ ಹೋರಿಯ ಮುಂಗಾಲು ಹಿಡಿದು ನಿಂತಿದ್ದಳು. ಹೋರಿ ಅವಳ ತಲೆ ಮೂಸುತ್ತಿತ್ತು. ನಾನು ಎದೆ ಬಡಿದುಕೊಂಡು ಒಳಗೆ ನುಗ್ಗಿದೆ. ನನ್ನನ್ನು ಕಂಡದ್ದೇ ಅದು ಕಾಲು ಬಿಡಿಸಿಕೊಳ್ಳದೆ, ಕೂಸನ್ನು ತುಳಿಯದೆ, ಮೈಯನ್ನಷ್ಟೇ ಗೋಡೆಗೆ ಒತ್ತಿತು. ಗಾಜಿನ ಬಳೆಯಷ್ಟೇ ಇತ್ತು ಕೈಯಲ್ಲಿ. ನಾನು ಮಗಳನ್ನು ಎತ್ತಿಕೊಂಡು ಹಿಂದೆ ಹಿಂದೆಯೇ ನಡೆದು ಬಂದೆ. ಮೇವು ಹಾಕುವುದನ್ನು ಅಂದಿನಿಂದ ಪೂರ್ತಿ ಬಿಟ್ಟೆ. ನಾನು ಹಾಕಿದರೆ ನಾನು ಮರೆಯಾಗುವವರೆಗೆ ಅದು ಬಾಯಿ ಹಾಕುತ್ತಿರಲಿಲ್ಲ.

ಕೊನೆಗೆ ಆ ಸೀಳಿದ ಗೊರಸೇ ಮುಳುವಾಯಿತು. ಒಂದು ಬೇಸಗೆಯಲ್ಲಿ ಕೀವಾಗಿ, ಕಾಲು ಊದಿ ಮಲಗಿದ್ದು ಏಳಲಿಲ್ಲ. ದನದ ಡಾಕ್ಟರು ಬಂದು ಸೂಜಿ ಚುಚ್ಚಿ, ಎದ್ದು ನಿಂತರೆ ಬದುಕೀತು ಎಂದು ಹೇಳಿ ಹೋದರು. ಹೊಟ್ಟೆಯಡಿ ಗೋಣಿಚೀಲ ತೂರಿಸಿ, ಹಗ್ಗ ಹಾಕಿ ಆರು ಜನ ಎತ್ತಿದರು. ಕಾಲು ಊರಲಿಲ್ಲ. ಮೂರು ದಿನ ಹೀಗೆ. ಮಾವನವರಿಗೆ ಆಗಲೇ ಉಬ್ಬಸ, ಜಗುಲಿಯಿಂದ ಇಳಿಯುತ್ತಿರಲಿಲ್ಲ. ಮೂರನೆಯ ದಿನ ಸಂಜೆ ನನ್ನನ್ನು ಕರೆದು, ದೇವರ ಕೋಣೆಯ ಕಡೆ ಕೈ ತೋರಿಸಿ, "ಟ್ರಂಕ ತೆಗಿ, ಬಳಿ ಹಾಕ್ಕೊ," ಎಂದರು.

ಟ್ರಂಕು ತೆಗೆಯಲು ನನ್ನಿಂದಾಗಲಿಲ್ಲ. ಬರಿದೆ ಒಮ್ಮೆ ನೋಡಿ ಬರೋಣ, ದೂರದಿಂದ, ಎಂದು ಕೊಟ್ಟಿಗೆಗೆ ನಡೆದೆ. ಬಾಗಿಲ ಹತ್ತಿರ ನನ್ನ ಹೆಜ್ಜೆ ಕೇಳಿರಬೇಕು. ಮೂರು ದಿನ ಆರು ಜನ ಎತ್ತಿದರೂ ಏಳದಿದ್ದ ಹೋರಿ, ಮುಂಗಾಲು ಮಡಚಿ, ಗೋಣು ಚಾಚಿ, ಎದ್ದು ನಿಂತಿತು. ನಾಲ್ಕೂ ಕಾಲು ನಡುಗುತ್ತಿದ್ದವು. ನಿಂತು ಗೋಡೆಗೆ ಒತ್ತಿಕೊಂಡಿತು.

ಸುತ್ತ ಇದ್ದವರೆಲ್ಲ ಖುಷಿಯಾದರು. ನಮ್ಮ ಮನೆಯವರ ಕಣ್ಣಲ್ಲಿ ನೀರು. "ನೋಡ್ರಿ, ಸಾಕಿದಾಕಿ ಕಂಡ ಕೂಡ್ಲೆ ಹೆಂಗ ಎದ್ದೈತಿ," ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ನಾನು ಬಂದ ದಾರಿಯಲ್ಲೇ ಹಿಂದಿರುಗಿದೆ. ಅಡಿಗೆ ಮನೆ ಮುಟ್ಟುವ ಮೊದಲೇ ಅದು ಬಿದ್ದ ಸಪ್ಪಳ ಕೇಳಿತು.

ಮಾವನವರು ಜಗುಲಿಯಿಂದಲೇ ಕರೆದರು. "ಇನ್ನೊಂದ ಸಲ ಹೋಗ ಯವ್ವಾ. ಎದ್ದರ ಬದಕತೈತಿ."

"ಇಲ್ರೀ ಮಾವಾರ," ಎಂದೆ. "ಮಲಕೊಳ್ಳಲಿ."

ಆ ಮನೆಯಲ್ಲಿ ನಾನು ಇಲ್ಲ ಎಂದ ಮೊದಲ ಮಾತು ಅದು. ಅವರು ನನ್ನನ್ನು ನೋಡಿದರು, ಮತ್ತೆ ಕೇಳಲಿಲ್ಲ. ಅದು ಸತ್ತದ್ದು ಮರುದಿನ ಮಧ್ಯಾಹ್ನ. ಅಲ್ಲಿಯವರೆಗೆ ನಾನು ಬಾವಿಗೆ ಹೋಗುವಾಗ ಕೊಟ್ಟಿಗೆಯ ದಾರಿ ಬಿಟ್ಟು, ಬಣವೆಯ ಹಿಂದಿನಿಂದ ಸುತ್ತು ಬಳಸಿ, ಕೈಬಳೆಗೆ ಹಳೆಯ ಸೀರೆಯ ಪಟ್ಟಿ ಸುತ್ತಿಕೊಂಡು ಹೋಗಿಬಂದೆ.